‘ನಿಷ್ಪ್ರತೀಕಾರ’ ಎಂಬ ಮಾತನ್ನು ಹೇಳಬೇಕಾದವರು ಯಾರು?

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನ ವ್ರತಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಈ ನಾಲ್ಕಕ್ಕೂ ಅನ್ವಯಿಸುವ ಒಂದು ವಿಶೇಷಣವನ್ನು ಅವರು ಜೊತೆಗೇ ಇಟ್ಟಿದ್ದಾರೆ: ನಿಷ್ಪ್ರತೀಕಾರ. ಎಂದರೆ, ಯಾವ ಉಪಾಯದಿಂದಲೂ ನಿವಾರಿಸಲಾಗದ್ದು. ಸಂಕಟವು ಬಂದಿತೆಂಬ ಮಾತ್ರಕ್ಕೆ ದೇಹವನ್ನು ಬಿಡಲಾಗದು. ಆ ಸಂಕಟಕ್ಕೆ ಪ್ರತೀಕಾರವೇ ಇಲ್ಲವೆಂಬುದು ಮೊದಲು ಖಚಿತವಾಗಬೇಕು. ಸಲ್ಲೇಖನವನ್ನು ಕುರಿತು ಎಷ್ಟೋ ವ್ಯಾಖ್ಯಾನಗಳು ನಡೆದಿವೆ. ಆದರೆ ಈ ಒಂದು ಪದದ ಮೇಲೆ ಎಷ್ಟು ಭಾರವಿದೆಯೆಂಬುದನ್ನು ನಾವು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ಬರಗಾಲವು ಎಲ್ಲರ ಕಣ್ಣಿಗೂ ಕಾಣುತ್ತದೆ. ಮುಪ್ಪು ತನಗೇ ತಿಳಿಯುತ್ತದೆ. ಆದರೆ ರೋಗವು ನಿಷ್ಪ್ರತೀಕಾರವೆಂದು ಹೇಳಬೇಕಾದವರು ಯಾರು? ಅದನ್ನು ರೋಗಿಯು ಒಬ್ಬನೇ ಹೇಳಲಾರ. ಅವನ ಬಂಧುಗಳೂ ಹೇಳಲಾರರು. ಅದನ್ನು ಬಲ್ಲವನು ವೈದ್ಯ.

ಹೀಗೆ ನೋಡಿದರೆ ಜೈನಧರ್ಮದ ಅಂತಿಮ ವ್ರತದ ಹೊಸ್ತಿಲಲ್ಲಿಯೇ ವೈದ್ಯನು ನಿಂತಿದ್ದಾನೆ. ಈಗ ದೇಶದ ಕಾನೂನು ಸಹ ಅವನನ್ನು ಅದೇ ಸ್ಥಳದಲ್ಲಿ ನಿಲ್ಲಿಸಿದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ‘ಕಾಮನ್ ಕಾಸ್’ ಪ್ರಕರಣದಲ್ಲಿ ತೀರ್ಪು ನೀಡಿ, ಘನತೆಯಿಂದ ಮರಣ ಹೊಂದುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕೊಟ್ಟಿರುವ ಬದುಕಿನ ಹಕ್ಕಿನಲ್ಲಿಯೇ ಅಡಗಿದೆಯೆಂದು ಸಾರಿತು. ಗುಣವಾಗುವ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಕೊಡದಿರಲು ಅಥವಾ ಕೊಡುತ್ತಿರುವುದನ್ನು ನಿಲ್ಲಿಸಲು ಒಂದು ಕ್ರಮವನ್ನು ವಿಧಿಸಿತು. ಆ ಕ್ರಮವು ಆಚರಣೆಗೆ ತೀರ ಜಟಿಲವೆನಿಸಿದ್ದರಿಂದ 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಲಾಯಿತು. ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರೊಂದಿಗೆ ಕನಿಷ್ಠ 5 ವರ್ಷಗಳ ಅನುಭವವುಳ್ಳ ಇಬ್ಬರು ತಜ್ಞರು ಸೇರಿ ಪ್ರಾಥಮಿಕ ಮಂಡಳಿಯಾಗಬೇಕು, ಅದರ ಅಭಿಪ್ರಾಯವನ್ನು ಬೇರೆಯೇ ವೈದ್ಯರಿರುವ ದ್ವಿತೀಯ ಮಂಡಳಿಯು ಪರಿಶೀಲಿಸಬೇಕು, ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಅಭಿಪ್ರಾಯ ಹೇಳಬೇಕು, ಕುಟುಂಬದವರ ಸಮ್ಮತಿಯಿರಬೇಕು, ನಿರ್ಧಾರವನ್ನು ಜಾರಿಗೆ ತರುವ ಮುನ್ನ ನ್ಯಾಯಾಧಿಕಾರಿಗೆ ತಿಳಿಸಬೇಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು.

ಜನರ ಬಾಯಲ್ಲಿ ಇದೆಲ್ಲವೂ ‘ದಯಾಮರಣಕ್ಕೆ ಅನುಮತಿ’ ಎಂಬ ಎರಡೇ ಮಾತುಗಳಿಗೆ ಇಳಿಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಜೈನರ ಸಲ್ಲೇಖನವೂ ಇದೇ ಅಲ್ಲವೇ’ ಎನ್ನತೊಡಗಿದರು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನ ಕೆಳಗೆ ಬೆರೆತುಹೋಗಿವೆ. ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲನೆಯದು, ರೋಗಿಯ ಬೇಡಿಕೆಯ ಮೇರೆಗೆ ವೈದ್ಯನು ಮಾರಕ ಔಷಧಿಯನ್ನು ಕೊಟ್ಟು ಜೀವವನ್ನು ಕೊನೆಗೊಳಿಸುವುದು. ನಿಜವಾದ ಅರ್ಥದಲ್ಲಿ ದಯಾಮರಣವೆಂದರೆ ಇದೇ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳು 2002ರಲ್ಲಿ, ಕೆನಡಾ 2016ರಲ್ಲಿ ಇದಕ್ಕೆ ಕಾನೂನಿನ ಸಮ್ಮತಿ ನೀಡಿದವು. ಭಾರತದಲ್ಲಿ ಇದು ಇಂದಿಗೂ ಅಪರಾಧ. ಎರಡನೆಯದು, ಗುಣಪಡಿಸಲಾರದ ಯಂತ್ರೋಪಚಾರವನ್ನು ನಿಲ್ಲಿಸಿ, ರೋಗವು ತನ್ನ ಸಹಜ ಗತಿಯಲ್ಲಿ ಸಾಗಲು ಬಿಡುವುದು. ನಮ್ಮ ನ್ಯಾಯಾಲಯವು ಸಮ್ಮತಿಸಿರುವುದು ಇದನ್ನು ಮಾತ್ರ. ಮೂರನೆಯದು ಸಲ್ಲೇಖನ. ಅದು ಚಿಕಿತ್ಸೆಯ ವಿಚಾರವೇ ಅಲ್ಲ. ಕಷಾಯಗಳನ್ನು ಮೊದಲು ಕೃಶಗೊಳಿಸಿ, ಬಳಿಕ ದೇಹವನ್ನು ಕೃಶಗೊಳಿಸುತ್ತ, ಗುರುವಿನ ಅನುಜ್ಞೆ ಪಡೆದು, ಎಲ್ಲರಲ್ಲಿಯೂ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸಿ ಸ್ವೀಕರಿಸುವ ವ್ರತ. ಒಂದರಲ್ಲಿ ಕೊಲ್ಲುವ ಕ್ರಿಯೆಯಿದೆ. ಇನ್ನೊಂದರಲ್ಲಿ ವ್ಯರ್ಥ ಕ್ರಿಯೆಯ ನಿವೃತ್ತಿಯಿದೆ. ಮತ್ತೊಂದರಲ್ಲಿ ಆತ್ಮದ ಜಾಗೃತಿಯಿದೆ.

ಈ ಭೇದವು ಶ್ರಾವಕರಿಗೆ ಅಸ್ಪಷ್ಟವಾಗಿರುವುದು ಆಶ್ಚರ್ಯವಲ್ಲ. ವೈದ್ಯರಿಗೂ ಅಸ್ಪಷ್ಟವಾಗಿರುವುದು ಚಿಂತೆಯ ಸಂಗತಿ. ಅದಕ್ಕೆ ಕಾರಣಗಳಿಲ್ಲದಿಲ್ಲ. ವೈದ್ಯರ ವೃತ್ತಿನಡತೆಯನ್ನು ಕುರಿತ 2002ರ ನಿಯಮಾವಳಿಯು ದಯಾಮರಣವನ್ನು ಅನೈತಿಕ ನಡತೆಯೆಂದು ಕರೆಯಿತು. 2011ರಲ್ಲಿ ಅರುಣಾ ಶಾನಭಾಗ್ ಪ್ರಕರಣದ ತೀರ್ಪು ‘ನಿಷ್ಕ್ರಿಯ ದಯಾಮರಣ’ ಎಂಬ ಪದವನ್ನು ಬಳಕೆಗೆ ತಂದಿತು. 2018ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅಂತಿಮ ಹಂತದ ಆರೈಕೆಗೆ ಸಂಬಂಧಿಸಿದ ಪದಗಳ ಅರ್ಥನಿರ್ಣಯ ಮಾಡುತ್ತ, ಅದೇ ಪದವು ಗೊಂದಲಕಾರಿಯೆಂದೂ ಅದನ್ನು ಕೈಬಿಡಬೇಕೆಂದೂ ಹೇಳಿತು. ಹೀಗೆ ನಿಯಮವೊಂದು, ತೀರ್ಪೊಂದು, ಪರಿಭಾಷೆಯೊಂದು ಆದಾಗ ವೈದ್ಯನ ಮನಸ್ಸಿನಲ್ಲಿ ಉಳಿಯುವುದು ಭಯ ಮಾತ್ರ. ‘ಯಂತ್ರವನ್ನು ನಿಲ್ಲಿಸಿದರೆ ನನ್ನ ಮೇಲೆ ಕೊಲೆಯ ಆರೋಪ ಬರುವುದೇ?’ ಎಂಬ ಶಂಕೆಯಿಂದ ನಿಷ್ಪ್ರಯೋಜಕವೆಂದು ತಾನೇ ಬಲ್ಲ ಚಿಕಿತ್ಸೆಯನ್ನು ಅವನು ಮುಂದುವರಿಸುತ್ತಾನೆ. ಅಥವಾ ಕುಟುಂಬದವರೇ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಮನೆಗೆ ಒಯ್ಯುತ್ತಾರೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಹಾಗೆ ಮನೆಗೆ ಬಂದ ಜೀವಕ್ಕೆ ನೋವು ನಿವಾರಿಸುವ ಔಷಧವಿಲ್ಲ, ಏದುಸಿರನ್ನು ಶಮನಗೊಳಿಸುವವರಿಲ್ಲ, ಬಳಿಯಲ್ಲಿ ಕುಳಿತು ಧೈರ್ಯ ಹೇಳುವ ವೈದ್ಯನಿಲ್ಲ. ಕಾನೂನಿನ ಅಜ್ಞಾನಕ್ಕೆ ಬೆಲೆ ತೆರುವುದು ವೈದ್ಯನಲ್ಲ, ಸಾಯುತ್ತಿರುವ ರೋಗಿ.

ಈ ವಿಷಯದಲ್ಲಿ ಜೈನ ಪರಂಪರೆಯು ಹೇಳುವುದೇನು? ಸಮಂತಭದ್ರರ ಜೀವನಕಥೆಯೇ ಮೊದಲ ಉತ್ತರ. ಮುನಿದೀಕ್ಷೆಯಲ್ಲಿದ್ದಾಗ ಅವರಿಗೆ ಭಸ್ಮಕವೆಂಬ ರೋಗ ಬಂದಿತೆಂದು ಪರಂಪರೆಯು ಹೇಳುತ್ತದೆ. ಎಷ್ಟು ಉಂಡರೂ ಹಸಿವು ತಣಿಯದ ವ್ಯಾಧಿ ಅದು. ದಿನಕ್ಕೊಮ್ಮೆ ಕೈಯಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಅದು ಅಸಾಧ್ಯವಾದ ಬಾಧೆ. ವ್ರತಭಂಗಕ್ಕಿಂತ ಸಮಾಧಿಮರಣವೇ ಲೇಸೆಂದು ಬಗೆದು ಅವರು ಗುರುವಿನಲ್ಲಿ ಸಲ್ಲೇಖನದ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ಈ ರೋಗಕ್ಕೆ ಪರಿಹಾರವುಂಟು. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿನ್ನೂ ಇದೆ. ಮುನಿವೇಷವನ್ನು ತ್ಯಜಿಸಿಯಾದರೂ ರೋಗವನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆಗೆ ಬಾ ಎಂದು ಕಳುಹಿಸಿದರು. ಸಮಂತಭದ್ರರು ಹಾಗೆಯೇ ನಡೆದರು, ಗುಣಹೊಂದಿದರು, ಮರಳಿ ದೀಕ್ಷೆ ಪಡೆದರು. ‘ನಿಷ್ಪ್ರತೀಕಾರ’ವೆಂಬ ಪದವನ್ನು ಗ್ರಂಥದಲ್ಲಿಟ್ಟ ಆಚಾರ್ಯರ ಬಾಳಿನಲ್ಲಿಯೇ ಆ ಪದದ ಪರೀಕ್ಷೆ ನಡೆದಿತ್ತು. ಮುನಿದೀಕ್ಷೆಯನ್ನೇ ಬಿಡಿಸಿ ಚಿಕಿತ್ಸೆಗೆ ಕಳುಹಿಸಿದ ಧರ್ಮವು ಸಾವನ್ನು ಬಯಸುವ ಧರ್ಮವಾಗಲಾರದು.

ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನೇ ಒಂದು ದೃಷ್ಟಾಂತದಿಂದ ತಿಳಿಸುತ್ತಾರೆ. ಬೆಲೆಬಾಳುವ ಸರಕನ್ನು ತುಂಬಿಟ್ಟ ವರ್ತಕನಿಗೆ ತನ್ನ ಮನೆಯು ನಾಶವಾಗುವುದು ಇಷ್ಟವಿಲ್ಲ. ಬೆಂಕಿ ಮುಂತಾದ ಆಪತ್ತು ಬಂದರೆ ಅದನ್ನು ಶಕ್ತಿಮೀರಿ ತಡೆಯಲು ನೋಡುತ್ತಾನೆ. ತಡೆಯಲಾಗದೆಂದು ತಿಳಿದಾಗ ಮಾತ್ರ ಸರಕನ್ನಾದರೂ ಉಳಿಸಿಕೊಳ್ಳಲು ಯತ್ನಿಸುತ್ತಾನೆ. ಇಲ್ಲಿ ದೇಹವು ಮನೆ, ವ್ರತಶೀಲಗಳು ಸರಕು. ಈ ದೃಷ್ಟಾಂತದಲ್ಲಿ ಗಮನಿಸಬೇಕಾದುದು ಕ್ರಮವನ್ನು. ಮೊದಲು ಬೆಂಕಿಯನ್ನು ಆರಿಸುವ ಯತ್ನ, ಆಮೇಲೆ ಸರಕಿನ ರಕ್ಷಣೆ. ಮನೆಗೆ ತಾನೇ ಬೆಂಕಿಯಿಡುವವನು ಈ ವರ್ತಕನಲ್ಲ. ಬೆಂಕಿಯು ಮಾಡನ್ನೇ ಮುಟ್ಟಿದ ಮೇಲೂ ಗೋಡೆಗೆ ಸುಣ್ಣ ಬಳಿಯುತ್ತ ಒಳಗೇ ನಿಲ್ಲುವವನೂ ಈ ವರ್ತಕನಲ್ಲ.

ಸಲ್ಲೇಖನದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಮೊದಲಿಗೆ ಎರಡು ದೋಷಗಳನ್ನು ಒಟ್ಟಿಗೆ ಹೇಳುತ್ತಾರೆ: ಜೀವಿತಾಶಂಸೆ, ಮರಣಾಶಂಸೆ. ಇನ್ನಷ್ಟು ಕಾಲ ಬದುಕಬೇಕೆಂಬ ಆಸೆಯೂ ದೋಷ. ಬೇಗನೆ ಸಾವು ಬರಲೆಂಬ ಆಸೆಯೂ ದೋಷ. ಆಧುನಿಕ ಆಸ್ಪತ್ರೆಯ ಎರಡು ಅತಿಗಳು ಈ ಎರಡು ಪದಗಳಲ್ಲಿ ಸೇರಿವೆ. ಅಂಗಾಂಗಗಳೆಲ್ಲ ಕೈಬಿಟ್ಟ ಮೇಲೂ ನಳಿಕೆಯ ಮೇಲೆ ನಳಿಕೆ ಹಾಕಿ ದಿನಗಳನ್ನು ಎಣಿಸುವುದರ ಹಿಂದೆ ಜೀವಿತಾಶಂಸೆಯಿದೆ. ಅನೇಕ ವೇಳೆ ಆ ಆಶಂಸೆಯು ರೋಗಿಯದಲ್ಲ, ಮಕ್ಕಳದು. ಮಾರಕ ಚುಚ್ಚುಮದ್ದಿನ ಬೇಡಿಕೆಯ ಹಿಂದೆ ಮರಣಾಶಂಸೆಯಿದೆ. ಅನೇಕ ವೇಳೆ ಅದು ಸಾವಿನ ಬಯಕೆಯೂ ಅಲ್ಲ, ನೋವಿನಿಂದ ಬಿಡುಗಡೆಯ ಬಯಕೆ.

ದಯಾಮರಣವನ್ನು ಸಮ್ಮತಿಸಿದ ದೇಶಗಳ ವೈದ್ಯರು ಕ್ರೂರಿಗಳೆಂದು ಯಾರೂ ಹೇಳಬಾರದು. ನೆದರ್ಲೆಂಡ್ಸ್‌ನಲ್ಲಿ ರೋಗಿಯ ಸ್ವಇಚ್ಛೆ, ಅಸಹನೀಯ ಯಾತನೆ, ಬೇರೆ ದಾರಿಯಿಲ್ಲದಿರುವಿಕೆ, ಇನ್ನೊಬ್ಬ ಸ್ವತಂತ್ರ ವೈದ್ಯನ ಅಭಿಪ್ರಾಯ ಇವೆಲ್ಲವೂ ಅಗತ್ಯ. ಪ್ರತಿಯೊಂದು ಪ್ರಕರಣವೂ ಪರಿಶೀಲನಾ ಸಮಿತಿಯ ಮುಂದೆ ಬರುತ್ತದೆ. ಅಲ್ಲಿಯೂ ‘ಬೇರೆ ದಾರಿಯಿಲ್ಲ’ವೆಂದು ಮನಗಾಣಬೇಕಾದವನು ವೈದ್ಯನೇ. ಆದರೂ ವೈದ್ಯ ಸಮುದಾಯವು ಈ ವಿಷಯದಲ್ಲಿ ಒಮ್ಮತದಲ್ಲಿಲ್ಲ. ವಿಶ್ವ ವೈದ್ಯಕೀಯ ಸಂಘವು 2019ರಲ್ಲಿ ದಯಾಮರಣಕ್ಕೂ ವೈದ್ಯಸಹಾಯದ ಆತ್ಮಹತ್ಯೆಗೂ ತನ್ನ ವಿರೋಧವನ್ನು ಪುನರುಚ್ಚರಿಸಿತು. ಅದರೊಂದಿಗೇ, ಚಿಕಿತ್ಸೆಯನ್ನು ನಿರಾಕರಿಸುವ ರೋಗಿಯ ಹಕ್ಕನ್ನು ಗೌರವಿಸುವ ವೈದ್ಯನು ಅನೈತಿಕನಲ್ಲವೆಂದೂ ಹೇಳಿತು. ಇದು ಜೈನ ವಿವೇಕಕ್ಕೆ ಬಹಳ ಸಮೀಪವಾದ ನಿಲುವು. ಪ್ರಮಾದಯೋಗದಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಆಶಯ. ಕಷಾಯಸಹಿತವಾದ ಭಾವ ಮತ್ತು ಪ್ರಾಣಕ್ಕೆ ಆಗುವ ಘಾತ ಎರಡನ್ನೂ ಅದು ತೂಗಿ ನೋಡುತ್ತದೆ. ನೋವನ್ನು ಶಮನಗೊಳಿಸಲು ಅಳತೆಯರಿತು ಮಾರ್ಫಿನ್ ಕೊಡುವ ವೈದ್ಯನ ಭಾವ ಬೇರೆ. ಉಸಿರನ್ನು ನಿಲ್ಲಿಸಲೆಂದೇ ಔಷಧಿ ತುಂಬುವ ಕೈಯ ಸಂಕಲ್ಪ ಬೇರೆ. ಕರುಣೆಯಿಂದ ಹೊರಟ ಸಂಕಲ್ಪವಾದರೂ ಅದರ ಗುರಿ ಪ್ರಾಣಘಾತವೇ ಆದಾಗ ಅಹಿಂಸಾಧರ್ಮವು ಅದನ್ನು ಒಪ್ಪಲಾರದು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕಾಗುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯ ಯತ್ನವೆಂದು ಪರಿಗಣಿಸಬೇಕೆಂದು ಆದೇಶಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ಬಳಿಕ 2019ರಲ್ಲಿ ಶೇಡಬಾಳದಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರೂ, 2024ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರೂ ಇದೇ ವ್ರತದಿಂದ ದೇಹವನ್ನು ಬಿಟ್ಟರು. ತಡೆಯಾಜ್ಞೆಯಿಂದ ಸಮಾಧಾನ ಹೊಂದಿದ ನಾವು, ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಯನ್ನು ಮರೆಯಬಾರದು. ವೃದ್ಧರನ್ನು, ಮುಖ್ಯವಾಗಿ ದಿಕ್ಕಿಲ್ಲದ ವೃದ್ಧೆಯರನ್ನು, ಧರ್ಮದ ಹೆಸರಿನಲ್ಲಿ ಒತ್ತಾಯಿಸಬಹುದಲ್ಲವೇ ಎಂಬುದು ಆ ಪ್ರಶ್ನೆ. ಇದಕ್ಕೆ ಕೋಪವು ಉತ್ತರವಲ್ಲ. ಶಾಸ್ತ್ರದ ನಿಯಮಗಳೇ ಉತ್ತರ. ತಾನಾಗಿ, ಪ್ರೀತಿಯಿಂದ ಸ್ವೀಕರಿಸದ ಸಲ್ಲೇಖನವು ಸಲ್ಲೇಖನವೇ ಅಲ್ಲ. ಮಕ್ಕಳಿಗೆ ಭಾರವಾದೆನೆಂಬ ಸಂಕೋಚದಿಂದ ಅನ್ನ ಬಿಟ್ಟರೆ ಅದು ವ್ರತವಲ್ಲ, ಮನೆಯವರ ಉಪೇಕ್ಷೆಯ ಫಲ. ಮನೋರೋಗದಿಂದ, ಶೋಕದಿಂದ ಆಹಾರ ನಿರಾಕರಿಸುವವರೂ ಇದ್ದಾರೆ. ಅದಕ್ಕೆ ಪ್ರತೀಕಾರವುಂಟು, ಅದು ಚಿಕಿತ್ಸೆಯಿಂದ ಗುಣವಾಗಬಲ್ಲದು. ಈ ವ್ಯತ್ಯಾಸವನ್ನು ಗುರುತಿಸಲು ಗುರುವಿನ ಕಣ್ಣಿನೊಂದಿಗೆ ವೈದ್ಯನ ಕಣ್ಣೂ ಬೇಕು. ಆದ್ದರಿಂದ ಸಲ್ಲೇಖನವನ್ನು ಬಯಸುವ ಹಿರಿಯರನ್ನು ವೈದ್ಯರಿಂದ ಪರೀಕ್ಷಿಸುವುದು ಧರ್ಮಕ್ಕೆ ಅಪಚಾರವಲ್ಲ. ಅದು ಸಮಂತಭದ್ರರ ಮಾತಿನ ಪಾಲನೆ.

ಆಚಾರ್ಯ ಶಾಂತಿಸಾಗರರ ನಡೆಯು ಇಲ್ಲಿ ಮಾದರಿ. ಬೆಳಗಾವಿ ಸೀಮೆಯ ಭೋಜ ಗ್ರಾಮದವರಾದ ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಅವರ ದೃಷ್ಟಿಯು ಕ್ಷೀಣಿಸಿತ್ತು. ನೆಲದ ಮೇಲಿನ ಸೂಕ್ಷ್ಮ ಜೀವಿಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಪಾಲನೆ ಸಾಧ್ಯವಾಗದೆ ಹೋಯಿತು. ನೋವಿಗೆ ಅಂಜಿ ಅವರು ದೇಹ ಬಿಡಲಿಲ್ಲ. ತಮ್ಮ ದೇಹದಿಂದ ಬೇರೆ ಜೀವಿಗೆ ನೋವಾಗಬಾರದೆಂದು ಬಿಟ್ಟರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಹಳೆಯ ಕಳ್ಬಪ್ಪುವಿನ ಬಂಡೆಗಳಲ್ಲಿ, ಹೀಗೆ ಮುಡಿಪಿದವರ ಹೆಸರುಗಳು ಸುಮಾರು ಏಳನೆಯ ಶತಮಾನದಿಂದ ಮೊದಲಾಗಿ ಸಾಲುಸಾಲಾಗಿ ನಿಂತಿವೆ. ಮುನಿಗಳು, ಕಂತಿಯರು, ಗೃಹಸ್ಥರು, ಅರಸು ಮನೆತನದವರು ಎಲ್ಲರೂ ಅಲ್ಲಿದ್ದಾರೆ.

ಅಂತ್ಯಕಾಲದಲ್ಲಿ ಜೊತೆಗಿರುವವರನ್ನು ಕುರಿತು ನಮ್ಮ ಗ್ರಂಥಗಳು ಹೇಳುವ ಮಾತು ವೈದ್ಯರಿಗೂ ಪ್ರಯೋಜನಕಾರಿ. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥವು ಸಲ್ಲೇಖನಸ್ಥನಾದ ಕ್ಷಪಕನಿಗೆ ನಲವತ್ತೆಂಟು ನಿರ್ಯಾಪಕರಿರಬೇಕೆಂದು ವಿಧಿಸುತ್ತದೆ. ಕೈಹಿಡಿದು ಏಳಿಸುವವರು, ಮಲಗಿಸುವವರು, ಧರ್ಮಕಥೆ ಹೇಳುವವರು, ರಾತ್ರಿ ಎಚ್ಚರವಿರುವವರು, ಬಾಗಿಲಲ್ಲಿ ಕಾಯುವವರು ಹೀಗೆ ಕೆಲಸಗಳು ಹಂಚಿಕೆಯಾಗಿವೆ. ಎಷ್ಟೇ ಕೊರತೆಯಿದ್ದರೂ ಇಬ್ಬರಾದರೂ ಇರಲೇಬೇಕು. ಒಬ್ಬನೇ ಆದರೆ ಕ್ಷಪಕನನ್ನೋ ತನ್ನನ್ನೋ ಉಪೇಕ್ಷಿಸಬೇಕಾಗುತ್ತದೆ. ಮರಣಾಸನ್ನನನ್ನು ಒಂಟಿಯಾಗಿ ಬಿಡುವ ಸಲ್ಲೇಖನವೆಂಬುದು ಇಲ್ಲ. ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ರೋಗಿಯ ಶುಶ್ರೂಷೆಯನ್ನು ತಪಸ್ಸೆಂದು ಕರೆದ ಧರ್ಮ ನಮ್ಮದು.

ಈ ತಪಸ್ಸನ್ನು ಜೈನರಲ್ಲದವರೂ ಮಾಡಿ ತೋರಿಸಿದ್ದಾರೆ. 1973ರಲ್ಲಿ ದಾಳಿಗೊಳಗಾಗಿ ಪ್ರಜ್ಞೆ ಕಳೆದುಕೊಂಡ ದಾದಿ ಅರುಣಾ ಶಾನಭಾಗ್ ಅವರನ್ನು ಮುಂಬಯಿಯ ಕೆಇಎಂ ಆಸ್ಪತ್ರೆಯ ದಾದಿಯರು 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ ನಾಲ್ಕು ದಶಕಗಳಿಗೂ ಮಿಗಿಲಾಗಿ ನೋಡಿಕೊಂಡರು. ಅವರ ಆಹಾರವನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ನ್ಯಾಯಾಲಯವು 2011ರಲ್ಲಿ ತಳ್ಳಿಹಾಕಿದಾಗ, ಆ ದಾದಿಯರ ಸೇವೆಯನ್ನು ಮನಸಾರೆ ಹೊಗಳಿತು. ಚಿಕಿತ್ಸೆಯ ನಿವೃತ್ತಿಯ ಬಗೆಗೆ ದೇಶಕ್ಕೆ ದಾರಿ ತೋರಿದ ಮೊದಲ ತೀರ್ಪು ಹುಟ್ಟಿದ್ದು ಇಂಥ ಅಖಂಡ ಸೇವೆಯ ಹಾಸಿಗೆಯ ಪಕ್ಕದಲ್ಲಿಯೇ.

ನೋವು ತಗ್ಗಿದರೆ, ಒಂಟಿತನ ನೀಗಿದರೆ, ‘ನನ್ನನ್ನು ಕೊಂದುಬಿಡಿ’ ಎನ್ನುವವರಲ್ಲಿ ಅನೇಕರು ಆ ಮಾತನ್ನು ಮತ್ತೆ ಆಡುವುದಿಲ್ಲವೆಂಬುದು ಉಪಶಾಮಕ ಆರೈಕೆಯಲ್ಲಿ ತೊಡಗಿದವರ ಅನುಭವ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ನಮ್ಮಲ್ಲಿ ಬಹುಕಾಲ ಮಾರ್ಫಿನ್ ರೋಗಿಗಳ ಕೈಗೆ ಎಟುಕಲಿಲ್ಲ. 2014ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಇಂಥ ಆರೈಕೆ ನೀಡುತ್ತಿವೆ. ಆದರೆ ಇಂಥ ಮನೆಗಳು ಬೇಕಾದಷ್ಟಿಲ್ಲ. ಔಷಧದಾನ, ಅಭಯದಾನಗಳನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜವು ಪಂಚಕಲ್ಯಾಣಗಳಿಗೆ ಕೊಡುವ ದ್ರವ್ಯದ ಒಂದು ಅಂಶವನ್ನು ಅಂತ್ಯಕಾಲದ ರೋಗಿಗಳ ಹಾಸಿಗೆಗಳಿಗೆ ಕೊಟ್ಟರೆ, ದಯಾಮರಣದ ಚರ್ಚೆಗೆ ಅದಕ್ಕಿಂತ ದೊಡ್ಡ ಉತ್ತರವಿಲ್ಲ.

ವೈದ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಕಾನೂನು ಏನನ್ನು ಅನುಮತಿಸಿದೆ, ಏನನ್ನು ಅನುಮತಿಸಿಲ್ಲ ಎಂಬುದನ್ನು ತಿಳಿದಿರಿ. ಗುಣವಾಗದೆಂದು ಬಲ್ಲಾಗ ಅದನ್ನು ಮುಚ್ಚಿಡದೆ, ಮೃದುವಾಗಿ, ಸಕಾಲದಲ್ಲಿ ಹೇಳಿರಿ. ಪ್ರಜ್ಞೆಯಿರುವಾಗಲೇ ತಿಳಿದರೆ ರೋಗಿಯು ತನ್ನ ಪರಿಗ್ರಹವನ್ನು ಬಿಡಲು, ಕ್ಷಮೆ ಕೇಳಲು, ಪಂಚನಮಸ್ಕಾರವನ್ನು ಸ್ಮರಿಸಲು ಅವಕಾಶವಾಗುತ್ತದೆ. ಪ್ರಜ್ಞೆ ತಪ್ಪಿದ ಮೇಲೆ ಹೇಳಿದ ಸತ್ಯವು ಅವನಿಗೆ ತಲುಪುವುದಿಲ್ಲ. ಮರಣಕಾಲದಲ್ಲಿ ಹಸಿವು ತಾನಾಗಿ ಕುಗ್ಗುವುದು ದೇಹಧರ್ಮವೆಂದು ನೀವು ಬಲ್ಲಿರಿ. ಘನ ಆಹಾರದಿಂದ ಪಾನಕ್ಕೆ, ಪಾನದಿಂದ ನೀರಿಗೆ ಇಳಿಯುವ ವ್ರತಿಯನ್ನು ಹಟಮಾರಿ ರೋಗಿಯೆಂದು ಕಾಣದಿರಿ. ಹಾಗೆಯೇ ಚಿಕಿತ್ಸೆಯಿಂದ ಉಳಿಯಬಲ್ಲ ಜೀವವೊಂದು ವ್ರತದ ಮಾತಾಡಿದರೆ, ಸಮಂತಭದ್ರರ ಗುರುಗಳಂತೆ ‘ಇದಕ್ಕೆ ಪರಿಹಾರವುಂಟು’ ಎಂದು ನಿಸ್ಸಂಕೋಚವಾಗಿ ಹೇಳಿರಿ.

ಶ್ರಾವಕ ಶ್ರಾವಿಕೆಯರು ಮಾಡಬೇಕಾದುದೂ ಇದೆ. ಮನೆಯ ಹಿರಿಯರು ಆರೋಗ್ಯವಾಗಿರುವಾಗಲೇ ಅವರ ಇಚ್ಛೆಯನ್ನು ಕೇಳಿ ತಿಳಿಯಿರಿ. ಇಬ್ಬರು ಸಾಕ್ಷಿಗಳೆದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮುಂಗಡ ನಿರ್ದೇಶನಕ್ಕೆ ಇಂದು ಕಾನೂನಿನ ಮಾನ್ಯತೆಯಿದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಹೊತ್ತಿಗೆ ಆ ಒಂದು ಹಾಳೆಯು ದೊಡ್ಡ ಆಸರೆ. ಆದರೆ ಸಲ್ಲೇಖನದ ಭಾವನೆಯುಳ್ಳವರು ಆ ಹಾಳೆಯನ್ನೇ ವ್ರತವೆಂದು ಭಾವಿಸಬಾರದು. ಅದು ಯಂತ್ರಗಳಿಂದ ಬಿಡುಗಡೆಯನ್ನಷ್ಟೇ ಕೊಡಬಲ್ಲದು. ಕಷಾಯಗಳಿಂದ ಬಿಡುಗಡೆಯನ್ನು ಬದುಕಿರುವಾಗಲೇ, ದಿನದಿನವೂ, ಸ್ವಲ್ಪಸ್ವಲ್ಪವಾಗಿ ಸಂಪಾದಿಸಬೇಕು.

ರೋಗವು ನಿಷ್ಪ್ರತೀಕಾರವೇ ಎಂಬುದನ್ನು ವೈದ್ಯನು ಹೇಳಲಿ. ಜೀವವು ಸಿದ್ಧವಾಗಿದೆಯೇ ಎಂಬುದನ್ನು ಗುರುವು ನೋಡಲಿ. ಆ ಎರಡೂ ಮಾತುಗಳು ಬರುವವರೆಗೆ, ಬಂದ ಮೇಲೂ, ಹಾಸಿಗೆಯ ಬಳಿ ಕುಳಿತಿರುವುದು ಉಳಿದ ನಮ್ಮೆಲ್ಲರ ಧರ್ಮ.